ಹೆಡ್‌ಲೈಟ್ ಸಾಲ್ತಿಲ್ವಾ? ಬಲ್ಬು ಕೊಳ್ಳುವ ಮೊದಲು ಮನೆಯಲ್ಲೇ ಇಷ್ಟು ಮಾಡಿ ನೋಡಿ

ಕಾರಿನ ಲೈಟ್ ಸಾಲ್ತಿಲ್ಲ ಅಂತ ಎಲ್ಲಾದರೂ ಬಾಯಿಬಿಟ್ಟು ನೋಡಿ. ‘ಎಲ್‌ಇಡಿ ಹಾಕಿಸ್ಬಿಡಿ ಸಾರ್’ ಅನ್ನುವವರು ಕನಿಷ್ಠ ಇಬ್ಬರು ಸಿಗುತ್ತಾರೆ. ನನಗೆ ಸಿಕ್ಕ ಸಲಹೆ ‘ನೂರು–ತೊಂಬತ್ತು ಹಾಕಿಸ್ಬಿಡಿ’. ಅಂದರೆ ಕಂಪನಿಯಿಂದ ಬಂದ 60/55 ವ್ಯಾಟಿನ ಬಲ್ಬು ತೆಗೆದು 100/90 ವ್ಯಾಟಿನದು ಹಾಕೋದು. ಹಾಕಿಸಿದೆ. ಅಂಗಡಿಯವನು ಐದು ನಿಮಿಷದಲ್ಲಿ ಕೆಲಸ ಮುಗಿಸಿದ. ವೈರಿಂಗ್ ಬಗ್ಗೆ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆರೇಳು ತಿಂಗಳಾದ ಮೇಲೆ ಒಂದು ರಾತ್ರಿ ಸಕಲೇಶಪುರ ದಾಟಿ ಶಿರಾಡಿ ಇಳಿಯುತ್ತಿದ್ದೆ, ಜಡಿಮಳೆ, ಎದುರಿಗೆ ಲಾರಿಗಳ ಸಾಲು, ಅಷ್ಟರಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಎಡಗಡೆ ಲೈಟ್ ಹೋಯಿತು. ಗುಂಡ್ಯದವರೆಗೆ ಒಂಟಿಕಣ್ಣಲ್ಲೇ ಇಳಿದೆ. ಅಲ್ಲಿ ಬಾನೆಟ್ ಎತ್ತಿ ನೋಡಿದರೆ ಬಲ್ಬಿನ ಕಪ್ಲರ್, ಅಂದರೆ ಬಲ್ಬಿಗೆ ವೈರು ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ, ಬೆಲ್ಲದ ಪಾಕದ ಹಾಗೆ ಕರಗಿ ಬಲ್ಬಿನ ಕಾಲಿಗೆ ಅಂಟಿಕೊಂಡಿತ್ತು.

ಆಮೇಲೆ 60/55 ಬಲ್ಬನ್ನೇ ವಾಪಸ್ ಹಾಕಿಕೊಂಡು, ಎರಡು ಭಾನುವಾರ ಕೂತು ನಾನೇ ಒಂದೊಂದಾಗಿ ನೋಡುತ್ತಾ ಹೋದೆ. ಗೊತ್ತಾಗಿದ್ದು ಏನು ಅಂದರೆ, ಬಲ್ಬಿನಲ್ಲಿ ಮೊದಲಿಂದಲೂ ಏನೂ ತೊಂದರೆ ಇರಲಿಲ್ಲ. ಮೇಲಿನ ಗ್ಲಾಸು ಹಳದಿಯಾಗಿತ್ತು, ಬ್ಯಾಟರಿಯ ಕರೆಂಟು ಬಲ್ಬಿನವರೆಗೆ ಪೂರ್ತಿ ಬರುತ್ತಿರಲಿಲ್ಲ, ಬಂದ ಬೆಳಕೂ ರಸ್ತೆ ಬಿಟ್ಟು ಬಂಪರ್ ಮುಂದಿನ ನೆಲಕ್ಕೆ ಬೀಳುತ್ತಿತ್ತು. ಈ ಮೂರನ್ನು ಸರಿಮಾಡದೆ ಯಾವ ಬಲ್ಬು ಹಾಕಿದರೂ ದುಡ್ಡು ದಂಡ. ಹಾಗಾಗಿ ಕೆಳಗಿನ ಕ್ರಮ ತಪ್ಪಿಸಬೇಡಿ: ಮೊದಲು ಗ್ಲಾಸು, ಆಮೇಲೆ ಕರೆಂಟು, ಆಮೇಲೆ ಬೆಳಕಿನ ದಿಕ್ಕು. ಬಲ್ಬಿನ ಮಾತು ಕೊನೆಗೆ.

ಇಲ್ಲಿ ಹೇಳುತ್ತಿರುವುದು ಹ್ಯಾಲೋಜನ್ ಬಲ್ಬಿನ ಕಾರುಗಳಿಗೆ. ಹಳೇ ಆಲ್ಟೊ, ವ್ಯಾಗನ್ ಆರ್ ತರದ ಕಾರಲ್ಲಿ ಇರೋದು ಎಚ್4 ಬಲ್ಬು. ಒಂದೇ ಬಲ್ಬಿನಲ್ಲಿ ಎರಡು ಫಿಲಮೆಂಟ್, ಡಿಮ್‌ಗೆ 55 ವ್ಯಾಟ್, ಬ್ರೈಟ್‌ಗೆ 60. ಕಂಪನಿಯಿಂದಲೇ ಎಲ್‌ಇಡಿ ಬಂದಿರುವ ಹೊಸ ಕಾರಾದರೆ ಗ್ಲಾಸು ತಿಕ್ಕುವುದು ಮತ್ತು ದಿಕ್ಕು ಸರಿಮಾಡುವುದು ಎರಡನ್ನು ಓದಿಕೊಳ್ಳಿ, ಉಳಿದದ್ದಕ್ಕೆ ಕೈಹಾಕಬೇಡಿ.

ಮೊದಲು ಗ್ಲಾಸು

ಗ್ಲಾಸು ಅಂತ ಬಾಯಿಮಾತಿಗೆ ಅಂತೀವಿ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಅಂಬಾಸಿಡರ್‌ನ ಗುಂಡು ಲೈಟಿಗೆ ನಿಜವಾದ ಗಾಜು ಇತ್ತು, ಅದು ಎಷ್ಟು ವರ್ಷವಾದರೂ ಹಳದಿಯಾಗುತ್ತಿರಲಿಲ್ಲ. ಪ್ಲಾಸ್ಟಿಕ್ ಹಾಗಲ್ಲ. ಅದರ ಮೇಲೆ ಕಂಪನಿಯವರು ಬಿಸಿಲಿನಿಂದ ಕಾಪಾಡುವ ಒಂದು ತೆಳು ಲೇಪ ಕೊಟ್ಟಿರುತ್ತಾರೆ. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಆ ಲೇಪವನ್ನು ಮೊದಲು ತಿನ್ನುತ್ತದೆ, ಆಮೇಲೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ವರ್ಷವಿಡೀ ರಸ್ತೆ ಬದಿ ನಿಲ್ಲುವ ಕಾರಾದರೆ ಬೇಗ, ಶೆಡ್ಡಿನಲ್ಲಿ ನಿಲ್ಲುವುದಾದರೆ ನಿಧಾನ, ವ್ಯತ್ಯಾಸ ಇಷ್ಟೇ.

ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ಅನ್ನುವ ವಿಡಿಯೊ ಎಲ್ಲರೂ ನೋಡಿರುತ್ತೀರಿ. ಹೊಳೆಯುವುದು ನಿಜ, ಪೇಸ್ಟಿನಲ್ಲಿ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ಆದರೆ ಮೇಲೆ ಕಾಪಾಡುವ ಲೇಪ ಇಲ್ಲದ್ದರಿಂದ ಕೆಲವೇ ವಾರದಲ್ಲಿ ಮತ್ತೆ ಅದೇ ಕಥೆ. ಸೊಳ್ಳೆಗೆ ಮೈಮೇಲೆ ಹೊಡೆದುಕೊಳ್ಳುವ ಸ್ಪ್ರೇ ಹಾಕಿ ಒರೆಸುವುದು ಇನ್ನೊಂದು. ಅದನ್ನು ದಯವಿಟ್ಟು ಮಾಡಬೇಡಿ. ಅದರಲ್ಲಿರುವ ಡೀಟ್ ಅನ್ನುವ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತದೆ, ಅದಕ್ಕೇ ಒಂದು ಕ್ಷಣ ಪಳಪಳ ಅನ್ನುವುದು.

ಸರಿಯಾದ ದಾರಿ ವಾಟರ್ ಪೇಪರ್. ಪೇಂಟ್ ಅಂಗಡಿಯಲ್ಲಿ ಹಾಗೇ ಕೇಳಿ, ನೀರು ಹಾಕಿ ತಿಕ್ಕುವ ಎಮರಿ ಪೇಪರ್. 800, 1500, 2000, 3000 ನಂಬರಿನದು ಒಂದೊಂದು ಹಾಳೆ, ಮಾಸ್ಕಿಂಗ್ ಟೇಪ್, ಸ್ವಲ್ಪ ರಬ್ಬಿಂಗ್ ಕಾಂಪೌಂಡ್. ಲೈಟಿನ ಸುತ್ತ ಪೇಂಟಿನ ಮೇಲೆ ಎರಡು ಸುತ್ತು ಟೇಪ್ ಅಂಟಿಸಿ, ಒಂದೇ ಸುತ್ತು ಸಾಲುವುದಿಲ್ಲ, ನನ್ನ ಬಂಪರಿನ ಅಂಚಲ್ಲಿ ಅದರ ಗುರುತು ಇನ್ನೂ ಇದೆ. ಬಕೆಟ್ಟಿನಲ್ಲಿ ನೀರಿಗೆ ಒಂದು ಹನಿ ಶಾಂಪೂ ಹಾಕಿ, ಪೇಪರನ್ನು ಅದರಲ್ಲಿ ಐದು ನಿಮಿಷ ನೆನೆಹಾಕಿ.

ಈಗ 800ರಿಂದ ಶುರು. ಒಂದೇ ದಿಕ್ಕಿನಲ್ಲಿ, ಅಡ್ಡಡ್ಡ ತಿಕ್ಕಿ. ಕೆಳಗೆ ಇಳಿಯುವ ನೀರಿನ ಮೇಲೆ ಕಣ್ಣಿಡಿ. ಮೊದಲು ಹಳದಿ ನೀರು ಬರುತ್ತದೆ, ತೆಳ್ಳಗೆ ಅರಿಶಿನ ಕದಡಿದ ಹಾಗೆ. ಅದು ಸತ್ತ ಲೇಪ. ತಿಕ್ಕುತ್ತಾ ಹೋದ ಹಾಗೆ ನೀರು ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅಂದರೆ ಹಳೇ ಲೇಪ ಹೋಯಿತು, ಕೆಳಗಿನ ಒಳ್ಳೇ ಪ್ಲಾಸ್ಟಿಕ್ ಸಿಕ್ಕಿತು. ಮೂಲೆಗಳಲ್ಲಿ ಅರ್ಧಂಬರ್ಧ ಬಿಟ್ಟರೆ ಆಮೇಲೆ ಅಲ್ಲೆಲ್ಲ ಮಚ್ಚೆ ಮಚ್ಚೆ ಕಾಣುತ್ತದೆ. ಈ ಹಂತದಲ್ಲಿ ಲೈಟು ನೋಡಿದರೆ ಎದೆ ಧಸಕ್ಕೆನ್ನುತ್ತದೆ, ಪೂರ್ತಿ ಬಿಳಿಚಿಕೊಂಡು ಮೊದಲಿಗಿಂತ ಕೆಟ್ಟದಾಗಿರುತ್ತದೆ. ನಮ್ಮಮ್ಮ ಅಂಗಳಕ್ಕೆ ಬಂದು ನೋಡಿ ‘ಇದ್ದಿದ್ದನ್ನೂ ಹಾಳು ಮಾಡ್ದೆಯಲ್ಲೋ’ ಅಂದಿದ್ದರು. ಹೆದರಬೇಡಿ. 1500, 2000, 3000 ಹೀಗೆ ಮೇಲೇರಿ (ಕೊನೆಗೆ ಸ್ಪ್ರೇ ಲೇಪ ಹೊಡೆಯುವವರು 2000ಕ್ಕೇ ನಿಲ್ಲಿಸಿ, ಯಾಕೆ ಅಂತ ಮುಂದೆ ಹೇಳುತ್ತೇನೆ), ಪ್ರತಿ ನಂಬರಿಗೂ ದಿಕ್ಕು ಬದಲಾಯಿಸಿ, ಹಿಂದಿನ ಪೇಪರಿನ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಿನದು ಎತ್ತಿಕೊಳ್ಳಿ. ಒಂದು ಲೈಟಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕೊನೆಗೆ ಬಟ್ಟೆಯಲ್ಲಿ ಕಾಂಪೌಂಡ್ ಹಚ್ಚಿ ಉಜ್ಜಿದರೆ ಕನ್ನಡಿ.

ಇಲ್ಲಿಗೆ ನಿಲ್ಲಿಸಿದರೆ ಟೂತ್‌ಪೇಸ್ಟ್ ಹಚ್ಚಿದವರಿಗೂ ನಿಮಗೂ ವ್ಯತ್ಯಾಸ ಇಲ್ಲ. ಈಗ ಪ್ಲಾಸ್ಟಿಕ್ಕಿಗೆ ಮೈಮೇಲೆ ಬಟ್ಟೆಯೇ ಇಲ್ಲ, ಮೇಲೊಂದು ಲೇಪ ಬೇಕೇಬೇಕು. ಹೆಚ್ಚು ಬಾಳಿಕೆ ಬರುವುದು ಟೂ–ಕೆ ಕ್ಲಿಯರ್ ಕೋಟ್ ಸ್ಪ್ರೇ. ಡಬ್ಬಿಯ ತಳದಲ್ಲಿರುವ ಗುಂಡಿ ಒತ್ತಿದರೆ ಒಳಗೆ ಹಾರ್ಡನರ್, ಅಂದರೆ ಲೇಪವನ್ನು ಗಟ್ಟಿ ಮಾಡುವ ದ್ರವ, ಬೆರೆಯುತ್ತದೆ. ಬೆರೆಸಿದ ಮೇಲೆ ನಾಳೆ ನಾಡಿದ್ದು ಅಂತ ಇಟ್ಟುಕೊಳ್ಳುವ ಹಾಗಿಲ್ಲ, ಒಳಗೇ ಗಟ್ಟಿಯಾಗುತ್ತದೆ, ಹಾಗಾಗಿ ಎರಡೂ ಲೈಟು ಒಂದೇ ದಿನ ಮುಗಿಸಿ. ಲೇಪ ಹಾಕುವುದಿದ್ದರೆ ಕಾಂಪೌಂಡ್ ಬೇಡ, 2000 ನಂಬರಿಗೇ ನಿಲ್ಲಿಸಿ. ತೀರಾ ನುಣುಪಾದರೆ ಲೇಪ ಹಿಡಿಯುವುದಿಲ್ಲ. ಸ್ಪಿರಿಟ್ಟಿನಿಂದ ಒರೆಸಿ, ಒಣಗಿಸಿ, ತೆಳ್ಳಗೆ ಎರಡು ಮೂರು ಸಲ, ಮಧ್ಯೆ ಹತ್ತು ನಿಮಿಷ ಬಿಟ್ಟು ಹೊಡೆಯಿರಿ. ಈ ಸ್ಪ್ರೇಯ ಹೊಗೆ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಬಯಲಲ್ಲಿ ನಿಂತು, ಪೇಂಟರ್‌ಗಳು ಹಾಕುವ ಫಿಲ್ಟರ್ ಮಾಸ್ಕ್ ಹಾಕಿಕೊಂಡೇ ಹೊಡೆಯಬೇಕು, ಸರ್ಜಿಕಲ್ ಮಾಸ್ಕ್ ಪ್ರಯೋಜನವಿಲ್ಲ. ಇಷ್ಟೆಲ್ಲ ರಗಳೆ ಬೇಡ ಅನ್ನುವವರು ಕಾಂಪೌಂಡ್ ಮುಗಿಸಿ, ಕಾರಿನ ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಪಿಪಿಎಫ್ ಹಾಳೆ ಅಂಟಿಸಿಕೊಳ್ಳಬಹುದು, ಅಲ್ಟ್ರಾವಯಲೆಟ್ ತಡೆಯುವುದನ್ನು ಕೇಳಿ ತೆಗೆದುಕೊಳ್ಳಿ.

ಒಳಗೆ ನೀರಾಡುತ್ತಿದ್ದರೆ

ಮಳೆಗಾಲದಲ್ಲಿ ಬೆಳಗ್ಗೆ ಒಳಗಡೆ ಸ್ವಲ್ಪ ಆವಿ ಕೂತು, ಲೈಟು ಹಾಕಿದ ಮೇಲೆ ತಾನಾಗಿ ಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಹೆಡ್‌ಲೈಟಿಗೆ ಉಸಿರಾಡಲು ಸಣ್ಣ ತೂತು ಇದ್ದೇ ಇರುತ್ತದೆ. ಹನಿ ಹನಿಯಾಗಿ ನಿಂತಿದ್ದರೆ ಮಾತ್ರ ತೊಂದರೆ. ಮೊದಲು ಹಿಂದಿನ ರಬ್ಬರ್ ಟೋಪಿ ನೋಡಿ, ಹತ್ತರಲ್ಲಿ ಎಂಟು ಸಲ ಅದೇ ಹರಿದಿರುತ್ತದೆ ಅಥವಾ ಕಳೆದ ಸಲ ಬಲ್ಬು ಹಾಕಿದವರು ಸರಿಯಾಗಿ ಕೂರಿಸಿರುವುದಿಲ್ಲ. ಲೈಟು ಬಿಚ್ಚಿ, ಟೋಪಿ ತೆಗೆದು, ಹೇರ್ ಡ್ರೈಯರ್ ಗಾಳಿಯನ್ನು ದೂರದಿಂದ ಹಿಡಿದು ಒಣಗಿಸಿ. ಅಂಚಿನಲ್ಲಿ ಬಿರುಕಿದ್ದರೆ ಸಿಲಿಕೋನ್ ಹಾಕಬಹುದು, ಆದರೆ ವಿನಿಗರ್ ವಾಸನೆ ಬರುವ ಸಾಮಾನ್ಯ ಸಿಲಿಕೋನ್ ಬೇಡ, ಅದರ ಆಮ್ಲದ ಆವಿ ಒಳಗಿನ ಬೆಳ್ಳಿ ಬಣ್ಣದ ರಿಫ್ಲೆಕ್ಟರನ್ನು ಕೆಡಿಸುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರುವುದನ್ನು ಕೇಳಿ. ರಿಫ್ಲೆಕ್ಟರ್ ಈಗಾಗಲೇ ಸುಟ್ಟು ಕಪ್ಪಾಗಿದ್ದರೆ ಅಥವಾ ಸಿಪ್ಪೆ ಎದ್ದಿದ್ದರೆ ಯಾವ ರಿಪೇರಿಯೂ ಉಪಯೋಗವಿಲ್ಲ, ಪೂರ್ತಿ ಯೂನಿಟ್ಟೇ ಬದಲಾಯಿಸಬೇಕು. ಒಳಗೆ ಬೆರಳು ಹಾಕಿ ಒರೆಸಲು ಹೋಗಬೇಡಿ, ಆ ಬೆಳ್ಳಿ ಬಣ್ಣ ಬೆರಳಿಗೇ ಬರುತ್ತದೆ.

ಕರೆಂಟು ಬರುತ್ತಿದೆಯಾ ನೋಡಿ

ಇದನ್ನು ಯಾರೂ ನೋಡುವುದಿಲ್ಲ. ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಹತ್ತು ನಿಮಿಷದ ಕೆಲಸ.

ಎಂಜಿನ್ ಸ್ಟಾರ್ಟ್ ಮಾಡಿ ಡಿಮ್ ಲೈಟ್ ಹಾಕಿ. ಬ್ಯಾಟರಿಯ ಎರಡು ಟರ್ಮಿನಲ್‌ಗೆ ಮೀಟರ್ ಹಿಡಿಯಿರಿ. 14 ವೋಲ್ಟ್ ಆಸುಪಾಸು ಇರಬೇಕು. ಈಗ ಬಲ್ಬಿನ ಕಪ್ಲರನ್ನು ಬಿಚ್ಚದೆ, ಅದರ ಹಿಂದಿನಿಂದ ಮೀಟರಿನ ಕಡ್ಡಿ ತೂರಿಸಿ ಡಿಮ್ ಪಿನ್ನಿಗೂ ಅರ್ಥ್ (ಮೈನಸ್) ಪಿನ್ನಿಗೂ ಹಿಡಿದು ಅಳೆಯಿರಿ. ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು, ಬಿಚ್ಚಿಟ್ಟು ಅಳೆದರೆ ಲೋಡ್ ಇಲ್ಲದ್ದರಿಂದ ಎಲ್ಲ ಸರಿಯಾಗಿದೆ ಅಂತ ಮೀಟರ್ ಸುಳ್ಳು ಹೇಳುತ್ತದೆ.

ನನ್ನ ಕಾರಲ್ಲಿ ಬ್ಯಾಟರಿ ಹತ್ತಿರ 14.1 ಇತ್ತು, ಬಲ್ಬಿನ ಹತ್ತಿರ 12.4. ಎಲ್ಲೋ ಒಂದೂಮುಕ್ಕಾಲು ವೋಲ್ಟ್ ತಾನೇ ಅನ್ನಿಸಬಹುದು. ಆದರೆ ಹ್ಯಾಲೋಜನ್ ಬಲ್ಬಿನ ಬೆಳಕು ವೋಲ್ಟೇಜಿನ ಲೆಕ್ಕದಲ್ಲೇ ಇಳಿಯುವುದಿಲ್ಲ, ಅದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಜೋರಾಗಿ ಇಳಿಯುತ್ತದೆ. ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಕಡಿಮೆ. ನನ್ನ ಲೆಕ್ಕದಲ್ಲಿ ಮೂರರಲ್ಲೊಂದು ಪಾಲು ಬೆಳಕು ವೈರಿನಲ್ಲೇ ಮಾಯ. ಅಂಥ ವೈರಿಗೆ 100 ವ್ಯಾಟ್ ಬಲ್ಬು ಹಾಕಿದರೆ ಏನಾಗುತ್ತದೆ? 55 ವ್ಯಾಟ್ ಬಲ್ಬು ಎಳೆಯುವುದು ನಾಲ್ಕೂವರೆ ಆಂಪಿಯರ್ ಆಸುಪಾಸು, 100 ವ್ಯಾಟಿನದು ಎಂಟಕ್ಕೂ ಮೇಲೆ. ವೈರು ಅದೇ, ಕಪ್ಲರ್ ಅದೇ. ಕರಗದೆ ಇನ್ನೇನು ಮಾಡುತ್ತದೆ.

ನಷ್ಟ ಎಲ್ಲಿ ಅಂತ ಹುಡುಕಲು ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಕೆಂಪು ಕಡ್ಡಿಯನ್ನು ಬಲ್ಬಿನ ಅರ್ಥ್ ಪಿನ್ನಿಗೂ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೆಟ್ಟಿದೆ. ಆ ವೈರು ಬಾಡಿಗೆ ಬೋಲ್ಟ್ ಆಗಿರುವ ಜಾಗ ಹುಡುಕಿ, ಬಿಚ್ಚಿ, ತುಕ್ಕು ತಿಕ್ಕಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಕರಾವಳಿಯ ಕಾರುಗಳಲ್ಲಿ ಉಪ್ಪುಗಾಳಿಗೆ ಇದು ಬಹಳ ಸಾಮಾನ್ಯ. ಕೆಲವರಿಗೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ, ಖರ್ಚು ಸೊನ್ನೆ.

ರಿಲೇ ಹಾಕೋದು

ಅರ್ಥ್ ಸರಿಯಿದ್ದೂ ವೋಲ್ಟೇಜ್ ಬರುತ್ತಿಲ್ಲ ಅಂದರೆ ನಷ್ಟ ಆಗುತ್ತಿರುವುದು ಪ್ಲಸ್ ಕಡೆ. ಕೆಲವು ಹಳೇ ಕಾರಲ್ಲಿ ಬಲ್ಬಿನ ಪೂರ್ತಿ ಕರೆಂಟು ಸ್ಟೇರಿಂಗ್ ಪಕ್ಕದ ಸ್ವಿಚ್ಚಿನ ಮೂಲಕ ಸುತ್ತಿ ಬರುತ್ತದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್–ಆಫ್ ಮಾಡುವ ಪುಟ್ಟ ಡಬ್ಬಿ. ಅದನ್ನು ಹಾಕಿದರೆ ಸ್ವಿಚ್ಚಿಗೆ ರಿಲೇ ಎಬ್ಬಿಸುವ ಕೆಲಸ ಮಾತ್ರ, ಬಲ್ಬಿಗೆ ಬೇಕಾದ ಕರೆಂಟು ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಲ್ಲಿ ಬರುತ್ತದೆ.

ಎಚ್4 ರಿಲೇ ವೈರಿಂಗ್ ಕಿಟ್ ರೆಡಿಮೇಡ್ ಸಿಗುತ್ತದೆ, ಬೆಂಗಳೂರಿನವರಾದರೆ ಜೆಸಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ. ಕೊಳ್ಳುವಾಗ ಮೂರು ವಿಷಯ ನೋಡಿ: ವೈರು 2.5 ಚದರ ಮಿಲಿಮೀಟರ್ ಇರಲಿ, ಹೋಲ್ಡರ್ ಪ್ಲಾಸ್ಟಿಕ್ ಬದಲು ಸೆರಾಮಿಕ್ ಇರಲಿ, ಡಿಮ್‌ಗೊಂದು ಬ್ರೈಟ್‌ಗೊಂದು ಬೇರೆ ಬೇರೆ ರಿಲೇ ಮತ್ತು ಫ್ಯೂಸ್ ಇರಲಿ.

ಒಂದು ತಲೆನೋವು ಮೊದಲೇ ಪರೀಕ್ಷಿಸಿಕೊಳ್ಳಿ. ಕೆಲವು ಕಾರಲ್ಲಿ ಸ್ವಿಚ್ಚು ಪ್ಲಸ್ ಕಡೆ ಬಿಟ್ಟು ಮೈನಸ್ ಕಡೆಯನ್ನು ಕತ್ತರಿಸುತ್ತದೆ. ಎರಡೂ ಬಲ್ಬಿನ ಕಪ್ಲರ್ ಬಿಚ್ಚಿ, ಮೀಟರಿನ ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ ಹಿಡಿದು, ಕೆಂಪನ್ನು ಮೂರೂ ಪಿನ್ನಿಗೆ ಒಂದೊಂದಾಗಿ ಮುಟ್ಟಿಸಿ. ಡಿಮ್ ಹಾಕಿದಾಗ ಒಂದು ಪಿನ್ನಲ್ಲಿ, ಬ್ರೈಟ್ ಹಾಕಿದಾಗ ಇನ್ನೊಂದು ಪಿನ್ನಲ್ಲಿ 12 ವೋಲ್ಟ್ ಬಂದರೆ ಮಾಮೂಲಿ ಕಿಟ್ ಆಗುತ್ತದೆ. ಎರಡಕ್ಕೂ ಒಂದೇ ಪಿನ್ನಲ್ಲಿ ಬಂದರೆ ಮೈನಸ್ ಸ್ವಿಚ್ಚಿಂಗ್, ಅದಕ್ಕೆ ಬೇರೆ ಕಿಟ್ ಬೇಕು, ಅಂಗಡಿಯಲ್ಲಿ ಹಾಗೇ ಹೇಳಿ ಕೇಳಿ.

ಜೋಡಿಸುವುದು ಕಷ್ಟವಲ್ಲ. 10 ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ರಿಲೇ ಮೇಲೆ 30, 87, 85, 86 ಅಂತ ನಂಬರ್ ಕೊರೆದಿರುತ್ತದೆ. 30ಕ್ಕೆ ಬ್ಯಾಟರಿ ಪ್ಲಸ್ಸಿನ ವೈರು, ಅದರಲ್ಲಿ 15 ಆಂಪಿಯರ್ ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೇ ಇರಬೇಕು, ಇಲ್ಲದಿದ್ದರೆ ಮಧ್ಯೆ ವೈರು ಉಜ್ಜಿ ಬಾಡಿಗೆ ತಾಗಿದ ದಿನ ಕಾರಿಗೇ ಬೆಂಕಿ. 87ರಿಂದ ಬಲ್ಬಿಗೆ. 85 ಮತ್ತು 86ರಲ್ಲಿ ಒಂದಕ್ಕೆ ಅರ್ಥ್, ಇನ್ನೊಂದಕ್ಕೆ ಹಳೇ ಕಪ್ಲರಿನಿಂದ ಬರುವ ಸಿಗ್ನಲ್. ರೆಡಿಮೇಡ್ ಕಿಟ್‌ನಲ್ಲಿ ಇದೆಲ್ಲ ಜೋಡಿಸಿಯೇ ಇರುತ್ತದೆ, ನೀವು ಒಂದು ಕಡೆಯ ಹಳೇ ಕಪ್ಲರಿಗೆ ಕಿಟ್ಟಿನ ಮೂತಿ ಸಿಕ್ಕಿಸಿದರೆ ಆಯಿತು. ಕಾರಿನ ಮೂಲ ವೈರನ್ನು ಒಂದೂ ಕತ್ತರಿಸಬೇಡಿ. ಮುಂದೆ ಬೇಡ ಅನ್ನಿಸಿದರೆ ಕಿಟ್ ಕಿತ್ತು ಹಳೇ ಕಪ್ಲರ್ ಹಾಕಿಕೊಳ್ಳಬಹುದು. ರಿಲೇಗಳನ್ನು ಪಿನ್ನು ಕೆಳಗೆ ಬರುವ ಹಾಗೆ ಕೂರಿಸಿ, ನೀರು ನಿಲ್ಲುವುದಿಲ್ಲ. ವಾರಂಟಿಯಲ್ಲಿರುವ ಕಾರಿಗೆ ಈ ಕೆಲಸವೇ ಬೇಡ.

ನನ್ನದರಲ್ಲಿ ಇದಾದ ಮೇಲೆ ಬಲ್ಬಿನ ಹತ್ತಿರ 13.7 ಬಂತು. ಅದೇ 60/55 ಬಲ್ಬು. ಬೆಳಕಿನ ಬಣ್ಣವೇ ಬದಲಾಯಿತು, ಕೆಂಪು ಕಳೆದು ಬಿಳಿಗೆ ಬಂತು. ವೋಲ್ಟೇಜ್ ಜಾಸ್ತಿಯಾದರೆ ಬಲ್ಬಿನ ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ, ಅದು ನಿಜ. ನನಗೇನೂ ಬೇಜಾರಿಲ್ಲ.

ಗೋಡೆಗೆ ಬೆಳಕು ಹೊಡೆದು ನೋಡಿ

ಸಮತಟ್ಟಾದ ಜಾಗ, ಎದುರಿಗೊಂದು ಗೋಡೆ. ನಾನು ಮಾಡಿದ್ದು ಊರಿನ ಶಾಲೆಯ ಕಾಂಪೌಂಡಿನ ಹತ್ತಿರ, ಸಂಜೆ ಏಳಕ್ಕೆ. ಟೈರಿನ ಗಾಳಿ ಸರಿಯಿರಲಿ, ಡಿಕ್ಕಿಯಲ್ಲಿ ಸಾಮಾನು ಬೇಡ, ಡ್ರೈವರ್ ಸೀಟಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡಿನಲ್ಲಿ ಲೈಟು ಮೇಲೆ ಕೆಳಗೆ ಮಾಡುವ ಚಕ್ರ ಇದ್ದರೆ ಸೊನ್ನೆಗೆ ಇಡಿ. ಎಷ್ಟೋ ಜನರ ಕಾರಲ್ಲಿ ಅದು ಯಾವ ಕಾಲದಲ್ಲೋ ಮೂರಕ್ಕೆ ತಿರುಗಿ ಅಲ್ಲೇ ಇರುತ್ತದೆ, ‘ಲೈಟ್ ಸಾಲ್ತಿಲ್ಲ’ ಅನ್ನುವುದಕ್ಕೆ ಅದೊಂದೇ ಕಾರಣ.

ನೆಲದಿಂದ ಬಲ್ಬಿನ ನಡುಮಧ್ಯಕ್ಕೆ ಎಷ್ಟು ಎತ್ತರ ಅಳೆಯಿರಿ. ನನ್ನದು 66 ಸೆಂಟಿಮೀಟರ್. ಲೈಟಿನಿಂದ ಗೋಡೆಗೆ ಸರಿಯಾಗಿ 5 ಮೀಟರ್ ಇರುವ ಹಾಗೆ ಕಾರು ನಿಲ್ಲಿಸಿ. ಗೋಡೆಯ ಮೇಲೆ ಆ ಎತ್ತರಕ್ಕಿಂತ 5 ಸೆಂಟಿಮೀಟರ್ ಕೆಳಗೆ, ಅಂದರೆ ನನಗೆ 61ರಲ್ಲಿ, ಅಡ್ಡಕ್ಕೆ ಟೇಪ್ ಅಂಟಿಸಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಟೇಪಿನ ಮೇಲೆ ಕೂರಬೇಕು. ನಮ್ಮಲ್ಲಿ ಎಡಗಡೆ ಓಡಿಸುವುದರಿಂದ ಆ ಅಂಚು ಬಲಕ್ಕೆ ನೇರವಾಗಿದ್ದು, ಎಡಕ್ಕೆ ಸ್ವಲ್ಪ ಮೇಲೇರುತ್ತದೆ, ರಸ್ತೆ ಬದಿ ನಡೆಯುವವರು ಕಾಣಲಿ ಅಂತ. ಬಲಕ್ಕೆ ಏರುತ್ತಿದ್ದರೆ ನಿಮಗೆ ಯಾರೋ ಬೇರೆ ದೇಶದ ಲೈಟು ಮಾರಿದ್ದಾರೆ, ಎದುರಿನವರ ಕಣ್ಣಿಗೆ ನೇರ ಹೊಡೆಯುತ್ತದೆ.

ಒಂದೊಂದೇ ಲೈಟು ನೋಡಿ, ಇನ್ನೊಂದರ ಮುಂದೆ ಯಾರಾದರೂ ರಟ್ಟು ಹಿಡಿದು ನಿಲ್ಲಲಿ. ಬಟ್ಟೆ ಮುಚ್ಚಿಡಬೇಡಿ, ಶಾಖಕ್ಕೆ ಪ್ಲಾಸ್ಟಿಕ್ ಹಾಳಾಗುತ್ತದೆ. ಲೈಟಿನ ಹಿಂದೆ, ಬಾನೆಟ್ ಕೆಳಗೆ, ಬಿಳಿ ಪ್ಲಾಸ್ಟಿಕ್ ಹಲ್ಲಿನ ಚಕ್ರ ಅಥವಾ ಉದ್ದ ಸ್ಕ್ರೂ ಇರುತ್ತದೆ, ಸ್ಟಾರ್ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ನೋಡಿ. ನನ್ನ ಬಲಗಡೆಯದು ಟೇಪಿಗಿಂತ ಒಂದು ಗೇಣು ಕೆಳಗಿತ್ತು, ಎಡಗಡೆಯದು ನಾಲ್ಕು ಬೆರಳು ಮೇಲೆ. ಲೆಕ್ಕ ಹಾಕಿದರೆ ಬಲಗಡೆ ಬೆಳಕು 12 ಮೀಟರಿಗೇ ನೆಲ ಮುಟ್ಟುತ್ತಿತ್ತು, ಸರಿಯಿದ್ದಿದ್ದರೆ 66 ಮೀಟರ್ ಹೋಗಬೇಕಿತ್ತು. ಎಡಗಡೆಯದು ಎದುರಿನವರಿಗೆ ಹಿಂಸೆ. ಲಾರಿಯವರು ಯಾಕೆ ನನಗೆ ಸುಮ್ಸುಮ್ನೆ ಡಿಪ್ಪರ್ ಹೊಡೀತಾರೆ ಅಂತ ಬೈಕೊಂಡಿದ್ದೆ, ಪಾಪ.

ಈಗ ಬಲ್ಬು

ಇಷ್ಟಾದ ಮೇಲೂ ಸಾಲದು ಅನ್ನಿಸಿದರೆ 60/55 ವ್ಯಾಟಿನಲ್ಲೇ ಬರುವ ಜಾಸ್ತಿ ಬೆಳಕಿನ ಬಲ್ಬು ತನ್ನಿ, ಫಿಲಿಪ್ಸ್, ಓಸ್ರಾಂ ಎರಡರಲ್ಲೂ ಇವೆ. ಬೇಗ ಸುಡುತ್ತವೆ, ಆದರೆ ಕಪ್ಲರ್ ಕರಗಿಸುವುದಿಲ್ಲ. ಜೋಡಿಯಾಗೇ ಬದಲಾಯಿಸಿ. ಹಳೇ ಬಲ್ಬು ತಣ್ಣಗಾದ ಮೇಲೆ ಕಪ್ಲರ್ ಎಳೆದು, ರಬ್ಬರ್ ಟೋಪಿ ತೆಗೆದು, ತಂತಿ ಕ್ಲಿಪ್ ಒತ್ತಿ ಬದಿಗೆ ಸರಿಸಿ. ಎಚ್4ಗೆ ಮೂರು ಕಿವಿ ಇರುತ್ತವೆ, ಒಂದೇ ರೀತಿಯಲ್ಲಿ ಕೂರುತ್ತದೆ, ಬಲವಂತ ಬೇಡ. ಬಲ್ಬಿನ ಗಾಜು ಮುಟ್ಟಬಾರದು. ಬೆರಳಿನ ಜಿಡ್ಡು ಹತ್ತಿದ ಜಾಗ ಅತಿಯಾಗಿ ಕಾದು ಬಲ್ಬು ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್ಟಿನಲ್ಲಿ ಒರೆಸಿ.

ಹ್ಯಾಲೋಜನ್ ಹೋಲ್ಡರಿಗೆ ಎಲ್‌ಇಡಿ ಬಲ್ಬು ಹಾಕುವುದನ್ನು ನಾನು ಒಪ್ಪುವುದಿಲ್ಲ. ಈ ರಿಫ್ಲೆಕ್ಟರನ್ನು ಮಾಡಿರುವುದೇ ಕೂದಲಿನಷ್ಟು ತೆಳ್ಳಗಿನ ಫಿಲಮೆಂಟ್ ನಿರ್ದಿಷ್ಟ ಜಾಗದಲ್ಲಿ ಉರಿಯುತ್ತದೆ ಅನ್ನುವ ಲೆಕ್ಕದಲ್ಲಿ. ಎಲ್‌ಇಡಿಯ ಚಿಪ್ಪುಗಳು ಎರಡು ಪಕ್ಕದಲ್ಲಿ ಅಂಟಿಕೊಂಡಿರುತ್ತವೆ, ಹಾಗಾಗಿ ಬೆಳಕು ಮರಕ್ಕೂ ಹೋಗುತ್ತದೆ, ಎದುರಿನವರ ಕಣ್ಣಿಗೂ ಹೋಗುತ್ತದೆ. ಬಂಪರ್ ಮುಂದೆ ಬೆಳ್ಳಗೆ ಬೀಳುವುದರಿಂದ ಓಡಿಸುವವರಿಗೆ ‘ಆಹಾ’ ಅನ್ನಿಸುತ್ತದೆ, ದೂರದ ಎಮ್ಮೆ ಕಾಣುವುದಿಲ್ಲ. ಹಿಂದಿನ ಫ್ಯಾನಿಗೆ ಜಾಗ ಸಾಲದೆ ರಬ್ಬರ್ ಟೋಪಿ ಕೊಯ್ಯುತ್ತಾರೆ, ನೀರು ಒಳಗೆ ಬರುತ್ತದೆ. ಚಾರ್ಮಾಡಿಯ ಮಂಜಿನಲ್ಲಂತೂ ಆ ಬಿಳಿ ಬೆಳಕು ಗೋಡೆಯ ಹಾಗೆ ನಿಮ್ಮ ಮುಖಕ್ಕೇ ವಾಪಸ್. ಮಂಜಿಗೆ ಕೆಳಗೆ ಕೂರುವ ಫಾಗ್ ಲ್ಯಾಂಪ್ ಬೇಕು. ಬಣ್ಣ ಹಳದಿಯೋ ಬಿಳಿಯೋ ಅನ್ನುವುದಕ್ಕಿಂತ ಅದು ಎಷ್ಟು ತಗ್ಗಿನಲ್ಲಿದೆ, ಬೆಳಕು ಮೇಲೆ ಚೆಲ್ಲುತ್ತದಾ ಅನ್ನುವುದೇ ಮುಖ್ಯ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದಕ್ಕೆ ಬಿಡುವುದಿಲ್ಲ. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೇ ಮಾಡಿ ಕೇಸು ಹಾಕಿದ್ದರು.

ತೆಗೆದ ಹಳೇ ಬಲ್ಬು ಉರಿಯುತ್ತಿದ್ದರೆ ಎಸೆಯಬೇಡಿ. ಗಾಜು ಮುಟ್ಟದೆ ಒಂದು ಹಳೇ ಕಾಲುಚೀಲದಲ್ಲಿ ಸುತ್ತಿ, ಜೊತೆಗೊಂದು 15 ಆಂಪಿಯರ್ ಫ್ಯೂಸು ಸೇರಿಸಿ ಗ್ಲೋವ್ ಬಾಕ್ಸಿನಲ್ಲಿಡಿ. ಗುಂಡ್ಯದಲ್ಲಿ ರಾತ್ರಿ ಹತ್ತಕ್ಕೆ ಚಹಾ ಸಿಗಬಹುದು, ಎಚ್4 ಬಲ್ಬು ಸಿಗಲ್ಲ.